ಹಿಂಬಾಗಿಲಿನಿಂದ

ಕಂಪ್ಯೂಟರ್ ಪರದೆಯ ಮೇಲೆ ಅಡ್ಡಗೆರೆ ಎಳೆದ ಸೊನ್ನೆ ಮತ್ತೆ ಮೂಡಿತು. ಒಳಗೆ ಬರಬೇಡಿ ಎಂದು ರಸ್ತೆಬದಿಯಲ್ಲಿ ನಿಲ್ಲಿಸುವ ಫಲಕದಂಥದೇ ಗುರುತು. ಸೊಸೆ ಹಣೆ ಚಚ್ಚಿಕೊಳ್ಳಬೇಕು ಎನ್ನುವಷ್ಟರಲ್ಲಿ, ಬಟ್ಟೆಯ ಚೀಲ ಹಿಡಿದ ಅತ್ತೆ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ತುಂಬಾ ಉಪಕಾರ ಆಯ್ತಮ್ಮ. ಚೆನ್ನಾಗಿ ನೋಡ್ಕೊಂಡ್ರಿ. ನಾನಿನ್ನು ಮನೆಗೆ ಹೊರಡ್ತೀನಿ."

"ಅತ್ತೆ, ಇದೇ ನಿಮ್ಮ ಮನೆ."

"ಅಯ್ಯೋ, ನಿಮ್ಮ ದೊಡ್ಡ ಮನಸ್ಸು ಹಾಗೆ ಹೇಳಿಸುತ್ತೆ. ಆದ್ರೂ ಕಂಡವರ ಮನೇಲಿ ಎಷ್ಟು ದಿನ ಅಂತ ಇರೋದು? ಅಲ್ಲಿ ನನ್ನ ಸೊಸೆ ಕಾಯ್ತಿರ್ತಾಳೆ. ಒಳ್ಳೆಯವಳೇ, ಸ್ವಲ್ಪ ಮರೆವು ಜಾಸ್ತಿ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೇಳುವ ಪುಸ್ತಕಗಳಿಗಾಗಿ ಯಾರೋ ಓದಿದ್ದನ್ನು ಒಪ್ಪ ಮಾಡುವುದು ಅವಳ ಕೆಲಸ. ಕೆಮ್ಮು, ಎಂಜಲು ನುಂಗುವ ಸದ್ದು, ಪುಟ ಮಗುಚುವ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆಯಬೇಕು. ಆ ಧ್ವನಿ ಕಡತಗಳು ತೆರೆಯುವುದು ಮ್ಯಾಕ್ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಮ್ಯಾಕ್ ಓಎಸ್‌ನಲ್ಲಿ ಮಾತ್ರ, ಮತ್ತು ಅವಳ ಹಳೆಯ ಮ್ಯಾಕ್ ಕಣ್ಣು ಮುಚ್ಚಿತ್ತು. ನಾಳೆ ಬೆಳಗ್ಗೆ ಪುಸ್ತಕ ಒಪ್ಪಿಸದಿದ್ದರೆ ಕೆಲಸ ಬೇರೆಯವರ ಪಾಲು. ಮನೆಯಲ್ಲೇ ಕೂತು, ಅತ್ತೆಯ ಮೇಲೊಂದು ಕಣ್ಣಿಟ್ಟು ಮಾಡುವಂಥ ಇನ್ನೊಂದು ಕೆಲಸ ಸಿಗುವುದು ಅಷ್ಟರಲ್ಲೇ ಇತ್ತು.

ಅದಕ್ಕೇ ಬಿಡಿಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರ್ ಡಬ್ಬ ಜೋಡಿಸಿದ್ದಳು. ಆದರೆ ಮ್ಯಾಕ್ ಓಎಸ್ ಮಹಾಶಯನಿಗೆ ತನ್ನ ಕಂಪನಿಯ ಡಬ್ಬವೇ ಆಗಬೇಕು, ಊರವರು ಜೋಡಿಸಿದ್ದರಲ್ಲಿ ಕಾಲಿಡುವುದಿಲ್ಲ. ಅವನನ್ನು ನಂಬಿಸಲು ಪೆನ್‌ಡ್ರೈವಿನಲ್ಲಿ ಒಂದು ಸುಳ್ಳಿನ ಕಡತ ಬರೆದಿಡಬೇಕು. ಹೆದರಬೇಡಪ್ಪ, ಇದು ನಿನ್ನದೇ ಮನೆ, ಇದೇ ನಿನ್ನ ಮಾದರಿಯ ಹೆಸರು, ಇದೇ ನಿನ್ನ ಸಂಖ್ಯೆ ಎಂದು. ಒಲೆ ಹಚ್ಚುವ, ಬಟ್ಟೆ ಒಣಹಾಕುವ ನಡುವೆ ಓಡಿ ಬಂದು ಸೊಸೆ ಬೆಳಗಿನಿಂದ ಸುಳ್ಳುಗಳನ್ನು ಬದಲಾಯಿಸಿ ನೋಡಿದ್ದಳು. ವೈಫೈ ಕಾರ್ಡ್ ಕಿತ್ತಿಟ್ಟಳು. ಎರಡನೆಯ ಪರದೆಯನ್ನು ಮಂಚದ ಮೇಲೆ ಮಲಗಿಸಿದಳು. ಏನು ಮಾಡಿದರೂ ಅದೇ ಸೊನ್ನೆ.

ಎರಡೆರಡು ಸುಳ್ಳನ್ನು ಒಟ್ಟಿಗೆ ಸಾಕುವುದು ಯಾರಿಂದಲೂ ಆಗದು. ಒಂದನ್ನಾದರೂ ದಡ ಮುಟ್ಟಿಸೋಣ ಎಂದು ಎದ್ದಳು.

"ನಡೀರಿ, ನಿಮ್ಮನ್ನ ಮನೆಗೆ ಬಿಟ್ಟು ಬರ್ತೀನಿ."

ಲಿಫ್ಟಿನಲ್ಲಿ ಇಳಿದು, ಕಟ್ಟಡಕ್ಕೆ ಒಂದು ಸುತ್ತು ಹಾಕಿ, ಹಿಂದಿನ ಮೆಟ್ಟಿಲು ಹತ್ತಿ, ಅಡುಗೆಮನೆಯ ಬಾಗಿಲಿನಿಂದ ಅದೇ ಮನೆಯೊಳಗೆ ಬರುವುದು. ಇದು ಗಂಡನಾದವನು ಕಂಡುಹಿಡಿದ ಉಪಾಯ, ನಡೆಸಿಕೊಂಡು ಬಂದವಳು ಹೆಂಡತಿ. ಮುಂಬಾಗಿಲಿನಿಂದ ಕರೆತಂದರೆ ಅತ್ತೆ ಹೊಸ್ತಿಲಲ್ಲೇ ನಿಂತು ಬಿಡುತ್ತಿದ್ದರು. ಹಿಂಬಾಗಿಲಾದರೆ ಕರುವಿನಂತೆ ಒಳಗೆ ಬರುತ್ತಿದ್ದರು. ಹಿಂದಿನ ಗೇಟಿನ ಕಾವಲುಗಾರನಿಗೂ ಅವನ ಪಾತ್ರ ಬಾಯಿಪಾಠವಾಗಿತ್ತು.

"ಬನ್ನಿ ಅಮ್ಮಾ, ಈಗ ಬಂದ್ರಾ? ಪ್ರಯಾಣ ಸುಖವಾಗಿತ್ತಾ?"

"ಸುಖ ಎಲ್ಲಿ ಬಂತಪ್ಪ? ಬಸ್ಸಲ್ಲಿ ಕೂರೋಕೆ ಜಾಗ ಇಲ್ಲ."

"ಹೌದಮ್ಮ, ಈ ರೂಟಲ್ಲಿ ಯಾವಾಗ್ಲೂ ರಶ್ಶು," ಎಂದು ಅವನು ಗಂಭೀರವಾಗಿ ತಲೆಯಾಡಿಸಿದ.

ಅರ್ಧ ಮೆಟ್ಟಿಲಿಗೆ ಸೊಸೆ ಮೊಣಕಾಲು ಹಿಡಿದು ಕೂತಳು. ಅತ್ತೆ ಚೀಲ ಬೀಸುತ್ತ ಮುಂದೆ ಮುಂದೆ ಹತ್ತಿದರು. ಅಡುಗೆಮನೆಗೆ ಕಾಲಿಟ್ಟದ್ದೇ ಅವರ ಮುಖ ಅರಳಿತು.

"ಅಬ್ಬಾ! ಏನೇ ಹೇಳು, ನಮ್ಮನೆ ನಮ್ಮನೆಯೇ. ನೀನೆಲ್ಲಿ ಹೋಗಿದ್ಯೇ ಇಷ್ಟೊತ್ತು?"

"ಇಲ್ಲೇ ಇದ್ದೆ ಅತ್ತೆ. ಅವರ ಮನೇಲಿ ಚೆನ್ನಾಗಿ ನೋಡ್ಕೊಂಡ್ರಾ?"

"ಒಳ್ಳೆ ಜನ, ಇಲ್ಲ ಅನ್ನಬಾರದು. ಆದ್ರೆ ಆ ಹೆಂಗಸಿಗೆ ಏನೋ ಆಗಿದೆ ಪಾಪ. ಬೆಳಗಿಂದ ಒಂದು ಡಬ್ಬದ ಜೊತೆ ಮಾತಾಡ್ತಾ ಕೂತಿರ್ತಾಳೆ."

ಸೊಸೆ ಉಸಿರು ಕಟ್ಟಿ ನಕ್ಕಳು. ನಗುತ್ತಿದ್ದವಳು ಹಾಗೇ ನಿಂತಳು. ಹಿಂಬಾಗಿಲು! ಕೋಣೆಗೆ ಓಡಿ ನೋಡಿದರೆ, ಬೆಳಗಿನಿಂದ ಪೆನ್‌ಡ್ರೈವ್ ಚುಚ್ಚಿದ್ದು ಡಬ್ಬದ ಮುಂದಿನ ತೂತಿಗೆ. ಅದನ್ನು ಕಿತ್ತು, ಗೋಡೆಗೂ ಡಬ್ಬಕ್ಕೂ ನಡುವೆ ಕೈ ತೂರಿಸಿ, ತಡಕಾಡಿ ಹಿಂದಿನ ತೂತಿಗೆ ಚುಚ್ಚಿದಳು. ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಅಕ್ಷರಗಳು ಇರುವೆ ಸಾಲಿನಂತೆ ಓಡಿದವು. ಸೊನ್ನೆ ಬರಲಿಲ್ಲ. ಅದರ ಬದಲು ಒಂದು ತೆಳ್ಳನೆಯ ಬಿಳಿ ಗೆರೆ ಹುಟ್ಟಿ ಬಲಕ್ಕೆ ತೆವಳತೊಡಗಿತು.

"ಬಾರಪ್ಪ ಬಾ, ಇದು ನಿನ್ನದೇ ಮನೆ," ಎಂದು ಡಬ್ಬದ ಬೆನ್ನು ತಟ್ಟಿದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು.

ಲೋಟ ಹಿಡಿದು ಮರಳಿದಾಗ ಗೆರೆ ನಟ್ಟನಡುವೆ ನಿಂತಿತ್ತು. ಅತ್ತೆ ಡಬ್ಬದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಡಬ್ಬದ ಬೆಚ್ಚನೆಯ ನೆತ್ತಿಯ ಮೇಲೆ ಕೈಯಿಟ್ಟಿದ್ದರು. ಸೊಸೆ ಬಾಗಿಲಲ್ಲೇ ನಿಂತದ್ದನ್ನು ಅವರು ನೋಡಲಿಲ್ಲ. ಬಾಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ಇದು ನಿನ್ನ ಮನೆ ಅಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದ್ರೂ ನಂಬಿದ ಹಾಗೆ ಮಾಡಿಬಿಡು ಮಗಾ. ಇಲ್ಲಾಂದ್ರೆ ಪಾಪ, ಆ ಮೊಣಕಾಲು ನೋವು ಇಟ್ಕೊಂಡು ಅವಳು ನಿನ್ನನ್ನೂ ಸುತ್ತು ಹೊಡೆಸೋಕೆ ಕರ್ಕೊಂಡು ಹೋಗ್ತಾಳೆ."