ಜೋಡಿ ಚಿತ್ರ

"ಈವಯ್ಯ ಯಾಕಿಲ್ಲಿ ಕೂತವ್ನೆ?"

ಚಿತ್ರದಲ್ಲಿದ್ದ ಗಂಡನತ್ತ ಬೆರಳು ತೋರಿಸಿ ಚಿಕ್ಕಬಸಮ್ಮ ಕೇಳಿದ ಪ್ರಶ್ನೆಗೆ ಡ್ರಾಯಿಂಗ್ ಟೀಚರ್ ಉಷಾರಾಣಿ ಪೆಚ್ಚಾದರು. ಮೂರು ತಿಂಗಳು ಕಣ್ಣು ಕೀಲಿಸಿ ಬರೆದ ಚಿತ್ರ. ನಾಳೆ ಮೈಸೂರಿನ ಪ್ರದರ್ಶನಕ್ಕೆ ಹೋಗಬೇಕು. ಚಿತ್ರದಲ್ಲಿರುವವರು ಒಮ್ಮೆ ನೋಡಲಿ ಎಂದು ಬೆಟ್ಟದಪುರದ ಅವರ ಹೊಲಕ್ಕೇ ತಂದಿದ್ದರು. ಸೌದೆ ಬೆಂಕಿಯ ಬಿಸಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಮುಂದೆ, ಚಪ್ಪರದ ಕೆಳಗೆ, ಹಸಿ ಸೊಪ್ಪಿನ ರಾಶಿ ಬಿದ್ದಿತ್ತು.

ಚಿತ್ರವೇನು ಸಾಮಾನ್ಯದ್ದೇ! ಮೊಗಲರ ಕೈಚಳಕ ಕಲಿತವರು ಕಂಪನಿ ಸರ್ಕಾರದ ದೊರೆಗಳಿಗೆ ಬರೆದುಕೊಡುತ್ತಿದ್ದ ಶೈಲಿ ಅದು. ಅಳಿಲಿನ ಕೂದಲಿನ ಕುಂಚದಿಂದ ಎಳೆದ ಗೆರೆ ಮೊಗಲರದು, ಮೈಮೇಲೆ ಬಿದ್ದ ನೆರಳು ಇಂಗ್ಲಿಷರದು. ಸೊಪ್ಪಿನ ನರ ನರವೂ ಎಣಿಸುವಂತಿತ್ತು. ಸೊಪ್ಪಿನ ಅಂಟಿಗೆ ಕಪ್ಪಾದ ಚಿಕ್ಕಬಸಮ್ಮನ ಬೆರಳುಗಳನ್ನು ನೋಡಿದರೆ ಕೈ ಮುಗಿಯಬೇಕೆನಿಸುತ್ತಿತ್ತು. ಚಿತ್ರದಲ್ಲಿ ಅವಳ ಪಕ್ಕ ಗಂಡ ಮಾದೇವ, ಅವಳಷ್ಟೇ ಚುರುಕಾಗಿ ಸೊಪ್ಪನ್ನು ಬ್ಯಾರನ್ ಒಳಗೆ ತೂಗುಹಾಕುವ ಕಡ್ಡಿಗೆ ಕಟ್ಟುತ್ತಿದ್ದ. ಮುಖ ಅವನದೇ, ಕೆಲಸದ ವರಸೆ ಮಾತ್ರ ಹೆಂಡತಿಯನ್ನು ನೋಡಿ ಬರೆದದ್ದು.

"ಆ ಕಾಲದ ಚಿತ್ರಗಳಲ್ಲಿ ಕಸುಬಿನವರನ್ನ ಜೋಡಿಯಾಗಿ ಬರೀತಿದ್ರು ಕಣಮ್ಮ. ಕುಂಬಾರ, ಅವನ ಹೆಂಡ್ತಿ. ನೇಕಾರ, ಅವನ ಹೆಂಡ್ತಿ. ಅದೇ ಪದ್ಧತಿ," ಎಂದರು ಉಷಾರಾಣಿ.

"ಪದ್ಧತಿ ಇರ್ಲಿ ಬುಡಿ ಮೇಡಂ. ಮದ್ವೆಯಾಗಿ ಇಪ್ಪತ್ತೆರಡು ವರ್ಸಾಯ್ತು, ಈವಯ್ಯ ಒಂದು ಕಡ್ಡಿ ಕಟ್ಟಿಲ್ಲ. ನನ್ನ ಬೆರಳ ಅಷ್ಟು ನಿಜವಾಗಿ ಬರ್ದು, ಪಕ್ದಲ್ಲೇ ಸುಳ್ಳ ಕೂರ್ಸಿದ್ದೀರಲ್ಲ!"

"ಬ್ಯಾರನ್‌ಗೆ ಸೌದೆ ಆಕೋನು ಯಾರಮ್ಮಿ? ಸೊಪ್ಪು ಕಟ್ಟೋದು ಎಂಗಸ್ರ ಕೆಲ್ಸ," ಎಂದ ಅಲ್ಲೇ ನಿಂತಿದ್ದ ಮಾದೇವ. ಮಾತು ಜೋರಾಗಿಯೇ ಇತ್ತು, ಕಣ್ಣು ಮಾತ್ರ ಚಿತ್ರ ಬಿಟ್ಟು ಕದಲಲಿಲ್ಲ. ತಾನು ಇಷ್ಟು ಚೆಂದವಿದ್ದೇನೆಂದು ಯಾವ ಕನ್ನಡಿಯೂ ಅವನಿಗೆ ಹೇಳಿರಲಿಲ್ಲ.

ಉಷಾರಾಣಿಗೆ ಅಳುವೇ ಬಂತು. ಚಿಕ್ಕಬಸಮ್ಮನ ಮಾತಿನಲ್ಲಿ ತಪ್ಪೇನಿತ್ತು?

"ನೀರಿನ ಬಣ್ಣ, ಅಳಿಸೋಕಾಗಲ್ಲ. ಸುಳ್ಳು ಅಂತ ಗೊತ್ತಾದಮೇಲೆ ಕಳಿಸೋಕೂ ಮನಸ್ಸಾಗಲ್ಲ," ಎಂದು ಚಿತ್ರಕ್ಕೆ ಬಟ್ಟೆ ಸುತ್ತತೊಡಗಿದರು.

ಮಾದೇವ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಪಂಚೆ ಎತ್ತಿಕಟ್ಟಿ, ಹೆಂಡತಿಯ ಪಕ್ಕ ಸೊಪ್ಪಿನ ರಾಶಿಯ ಮುಂದೆ ಕೂತು ಒಂದು ಕಡ್ಡಿ ಎಳೆದುಕೊಂಡ.

"ಇರಿ ಮೇಡಂ, ಸುತ್ಬ್ಯಾಡಿ. ಚಿತ್ರದಲ್ಲಿರೋನು ಎಂಗೆ ಕಟ್ತಾವ್ನೆ, ಸ್ವಲ್ಪ ನೋಡ್ಕತೀನಿ."