ಸೌತ್ ಕ್ಯಾರೊಲಿನಾದ ಪ್ರತಿನಿಧಿ

ಟೆರೆನ್ಸ್ ಗ್ಯಾಡಿಸ್ ಎತ್ತಿದ ಚೀಟಿಯಲ್ಲಿ ‘ಸೌತ್ ಕ್ಯಾರೊಲಿನಾ’ ಎಂದಿತ್ತು. ಅವನು ಅದನ್ನು ಗಟ್ಟಿಯಾಗಿ ಓದಿದ ಕೂಡಲೇ ತರಗತಿಯೆಲ್ಲ ಅವನ ಕಡೆ ತಿರುಗಿತು. ಅಮೆರಿಕದ ಸಂವಿಧಾನ ಬರೆಯಲು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಸಭೆಯನ್ನು ಮಕ್ಕಳೇ ಆಡಿ ತೋರಿಸುವ ಪಾಠ ಅದು. ಒಬ್ಬೊಬ್ಬರಿಗೆ ಒಂದೊಂದು ರಾಜ್ಯ. ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಆ ರಾಜ್ಯದ ಧಣಿಗಳ ಪರವಾಗಿ ವಾದಿಸುವ ಸರದಿ, ಆ ಕೋಣೆಯಲ್ಲಿದ್ದ ಒಬ್ಬನೇ ಕಪ್ಪು ಹುಡುಗನ ಪಾಲಿಗೆ ಬಂದಿತ್ತು.

ಡಬ್ರೋಸ್ಕಿ ಮಿಸ್ ಚೀಟಿಗಳ ಡಬ್ಬಿ ಹಿಡಿದೇ ಅವನ ಬೆಂಚಿನ ಬಳಿ ಬಂದಳು. ಟೊಲೀಡೊ ಊರಂಚಿನ ಆ ಹೈಸ್ಕೂಲಿಗೆ ಇತಿಹಾಸ ಕಲಿಸಲು ಅವಳು ಹೊಸದಾಗಿ ಬಂದಿದ್ದಳು. ಚೀಟಿ ಎತ್ತಿಸುವ ಉಪಾಯವೂ ಅವಳದೇ. ಬಗ್ಗಿ, ಮೆಲ್ಲಗೆ, “ಟೆರೆನ್ಸ್, ಬೇರೆ ಚೀಟಿ ತಗೋ. ಯಾರೂ ಏನೂ ಅನ್ಕೊಳ್ಳಲ್ಲ,” ಎಂದಳು.

“ಯಾಕೆ ಮಿಸ್? ನಮ್ಮಜ್ಜಿ ಕಡೆಯವರು ಅಲ್ಲಿಂದ್ಲೇ ಬಂದಿದ್ದು.”

“ಅದಕ್ಕೇ ಹೇಳ್ತಿರೋದು. ನೀನು ಯಾರ ಪರ ಮಾತಾಡ್ಬೇಕಾಗತ್ತೆ ಅಂತ ಗೊತ್ತಲ್ವಾ?”

“ಗೊತ್ತು. ಮಾತಾಡಿದ್ರೆ ಗೆಲ್ಲೋ ಹಾಗೇ ಮಾತಾಡ್ತೀನಿ, ನೋಡ್ತಿರಿ,” ಎಂದು ಅವನು ಚೀಟಿಯನ್ನು ಜೇಬಿಗಿಳಿಸಿದ.

ಮರುದಿನ ಅವನು ಅಪ್ಪನ ಟೈ ಕಟ್ಟಿಕೊಂಡು ಬಂದ. ಪಾಠವನ್ನೇ ಕೈಬಿಡೋಣವೇ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಿಸ್ ಒಳಗೆ ಕಾಲಿಡುವ ಹೊತ್ತಿಗೆ, ಮಕ್ಕಳು ಬೆಂಚುಗಳನ್ನು ಎದುರುಬದುರು ಎಳೆದು ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಗುಟ್ಟು ಹೊರಬೀಳಬಾರದೆಂದು ಆಗಿನವರು ಹಾಗೇ ಮಾಡಿದ್ದರಂತೆ. ಸೆಪ್ಟೆಂಬರಿನ ಸೆಕೆಗೆ ಎಲ್ಲರ ಹಣೆಯಲ್ಲೂ ಬೆವರು. ಪೆನ್ಸಿಲ್ವೇನಿಯಾದ ಪ್ರತಿನಿಧಿ ಬ್ರಿಜೆಟ್ ಕೋಲರ್ ಮೊದಲು ಎದ್ದಳು. ಶಾಲೆಯ ಚರ್ಚಾ ತಂಡದ ನಾಯಕಿ ಅವಳು. ಮಾತಿನಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ.

“ಸೌತ್ ಕ್ಯಾರೊಲಿನಾದವರು ಮೊದ್ಲು ಒಂದು ಹೇಳಲಿ. ನಿಮ್ಮ ಗುಲಾಮರು ಮನುಷ್ಯರಾ, ಸರಕಾ?”

“ಮನುಷ್ಯರು ಮೇಡಂ,” ಎಂದ ಟೆರೆನ್ಸ್, ಟೈ ಸರಿಮಾಡಿಕೊಳ್ಳುತ್ತ. “ಒಬ್ಬೊಬ್ಬರೂ ಪೂರ್ತಿ ಮನುಷ್ಯರು. ಅದಕ್ಕೇ ಜನಗಣತೀಲಿ ಅವರನ್ನೆಲ್ಲ ಪೂರ್ತಿ ಎಣಿಸಿ ಅಂತ ಕೇಳ್ತಿರೋದು.”

ಬ್ರಿಜೆಟ್ ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ. “ಅವರಿಗೆ ಓಟು ಕೊಡ್ತೀರಾ?”

“ಇಲ್ಲ.”

“ಮತ್ತೆ ಎಣಿಸೋದು ಯಾಕೆ?”

“ತಲೆ ಜಾಸ್ತಿ ಇದ್ದಷ್ಟೂ ಸಂಸತ್ತಿನಲ್ಲಿ ನಮಗೆ ಕುರ್ಚಿ ಜಾಸ್ತಿ. ನಿಮ್ಮಲ್ಲಿ ಹೆಂಗಸರು ಓಟು ಹಾಕ್ತಾರಾ? ಮಕ್ಕಳು ಹಾಕ್ತಾರಾ? ಅವರನ್ನ ಎಣಿಸ್ಕೊಳ್ಳಲ್ವಾ ನೀವು?”

ಹಿಂದಿನ ಬೆಂಚಿನಿಂದ ಓಹೋ ಎಂಬ ಕೂಗೆದ್ದಿತು. ಬ್ರಿಜೆಟ್ ರೋಷದಿಂದ ಮೇಜು ಗುದ್ದಿದಳು. “ಹಾಗಾದ್ರೆ ಅವರನ್ನ ಲೆಕ್ಕಕ್ಕೇ ತಗೋಬಾರದು. ಒಬ್ಬರನ್ನೂ ಎಣಿಸಬಾರದು.” ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

“ಇದೇನೇ ಬ್ರಿಜೆಟ್,” ಎಂದ ಪಕ್ಕದಲ್ಲಿದ್ದ ನ್ಯೂಜೆರ್ಸಿಯ ಹುಡುಗ, “ಗುಲಾಮರ ಧಣಿ ಅವರನ್ನ ಮನುಷ್ಯರು ಅಂತಾನೆ, ನೀನು ಎಣಿಸಲೇಬೇಡಿ ಅಂತೀಯ?”

ಕೋಣೆ ಕುದಿಯತೊಡಗಿತು. ವರ್ಜೀನಿಯಾ ಕುರ್ಚಿ ಹತ್ತಿ ನಿಂತಳು. ಮಸಾಚುಸೆಟ್ಸ್ ಪಠ್ಯಪುಸ್ತಕ ತೆರೆದು ಉತ್ತರ ಹುಡುಕುತ್ತಿದ್ದ. ಅದನ್ನು ಯಾರೋ ಕಿತ್ತುಕೊಂಡರು. ನಿನ್ನೆಯವರೆಗೆ ಬೆಂಚಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ ಮಕ್ಕಳು ಇವರೇನಾ ಎಂದು ಮಿಸ್ ಬೆರಗಾಗಿ ನೋಡಿದಳು. ಅವಳ ಕಣ್ಣು ಮತ್ತೆ ಮತ್ತೆ ಟೆರೆನ್ಸನ ಮುಖಕ್ಕೇ ಹೋಗುತ್ತಿತ್ತು. ನೋವೆಲ್ಲಿ ಕಾಣುತ್ತದೋ ಎಂದು ಹೆದರಿದ್ದಳು. ಕಂಡದ್ದು ಆಟದಲ್ಲಿ ಮುಳುಗಿಹೋದವನ ಹುರುಪು ಮಾತ್ರ.

ಟೆರೆನ್ಸ್ ತಟ್ಟನೆ ಪುಸ್ತಕ ಮುಚ್ಚಿ ಚೀಲ ಹೆಗಲಿಗೇರಿಸಿದ. “ಆಯ್ತು. ಎಣಿಸಲ್ಲ ಅಂದ್ರೆ ನಾವು ಹೊರಟ್ವಿ. ನಿಮ್ಮ ದೇಶಾನ ನೀವೇ ಕಟ್ಕೊಳ್ಳಿ.” ಜಾರ್ಜಿಯಾದ ಹುಡುಗನೂ ಎದ್ದು ಅವನ ಹಿಂದೆ ಬಾಗಿಲ ಕಡೆ ಹೊರಟ.

“ಏ, ಹೋಗ್ಬೇಡ ಕಣೋ! ಬೆಲ್ ಹೊಡಿಯೋದ್ರೊಳಗೆ ದೇಶ ಆಗ್ಬೇಕು,” ಎಂದು ನ್ಯೂಜೆರ್ಸಿ ಓಡಿಹೋಗಿ ಅವನ ತೋಳು ಹಿಡಿದ. ಇನ್ನಿಬ್ಬರು ಚೀಲಕ್ಕೆ ಜೋತುಬಿದ್ದರು. ಗದ್ದಲದ ನಡುವೆ ಕನೆಕ್ಟಿಕಟ್ ಕೂಗಿ ಹೇಳಿದಳು: “ಐವರು ಗುಲಾಮರಿದ್ರೆ ಮೂವರನ್ನ ಎಣಿಸೋಣ. ಅವರದ್ದೂ ಬೇಡ, ಇವರದ್ದೂ ಬೇಡ.” ಟೆರೆನ್ಸ್ ನಿಂತ, ಯೋಚಿಸಿದಂತೆ ಮಾಡಿದ, ತಲೆಯಾಡಿಸಿದ. ಕೈಗಳು ಒಂದರ ಹಿಂದೊಂದು ಮೇಲೆದ್ದವು. ಕೊನೆಗೆ, ಅರ್ಧಕ್ಕೆ ಮಡಚಿಕೊಂಡು, ಬ್ರಿಜೆಟ್ಟಳದೂ.

ದೇಶ ಹುಟ್ಟಿತು. ಮೇಜುಗಳ ಮೇಲೆ ಅಂಗೈಗಳ ನಗಾರಿ ಎಷ್ಟು ಜೋರಾಯಿತೆಂದರೆ ಪಕ್ಕದ ಕೋಣೆಯ ಗಣಿತದ ಮೇಷ್ಟರು ಇಣುಕಿ ನೋಡಿ ಹೋದರು. “ಫಿಲಡೆಲ್ಫಿಯಾದಲ್ಲಿ ಅವರೂ ಹೀಗೇ ಮಾಡಿದ್ದು,” ಎಂದಳು ಮಿಸ್. ಅವಳ ದನಿಯೂ ಏರಿತ್ತು. “ನೀವು ಈಗ ಮಾಡಿದ್ದನ್ನೇ.” ಬೆಲ್ ಹೊಡೆಯಿತು. ಒಬ್ಬರೂ ಏಳಲಿಲ್ಲ. ಗೆಳೆಯರು ಟೆರೆನ್ಸನ ಬೆನ್ನು ತಟ್ಟುತ್ತಿದ್ದರು: “ಬ್ರಿಜೆಟ್ಟನ್ನೇ ಸೋಲಿಸಿಬಿಟ್ಟೆಯಲ್ಲೋ, ಭೂಪ.”

ಬ್ರಿಜೆಟ್ ಗುಂಪನ್ನು ಸರಿಸಿಕೊಂಡು ಅವನೆದುರು ಬಂದು ನಿಂತಳು. “ಒಂದು ಕೇಳ್ತೀನಿ, ನಿಜ ಹೇಳು. ನಾವು ಒಪ್ಪದೇ ಇದ್ದಿದ್ರೆ ಹೋಗೇಬಿಡ್ತಿದ್ಯಾ?”

ಟೆರೆನ್ಸನ ಮುಖದಲ್ಲಿ ನಗು ಇನ್ನೂ ಇತ್ತು. ಟೈ ಸಡಿಲ ಮಾಡಿಕೊಂಡು ಅವನು ಎಲ್ಲರನ್ನೂ ಒಮ್ಮೆ ನೋಡಿದ.

“ನನಗೂ ಗೊತ್ತಿಲ್ಲ ಕಣೇ. ಬಾಗಿಲು ದಾಟ್ತೀನಾ ಅಂತ ನೋಡೋವರೆಗೂ ನೀವ್ಯಾರೂ ಕಾಯ್ಲೇ ಇಲ್ವಲ್ಲ.”