ಮೂರನೇ ಪ್ರತಿ

ಸೂರಜನಿಗೆ ಮುಂದಿನ ಎರಡು ಹಲ್ಲುಗಳಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಯವರೆಗೂ ಇದ್ದವು.

"ಎಲ್ಲೈತಿ?" ಜಿನಗೊಂಡ ಕೇಳಿದ. ಅವನ ಕೈಯಲ್ಲಿ ಸುತ್ತಿಗೆ ಇತ್ತು. ಸೂರಜನ ಮೊಬೈಲು ಆಗಲೇ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು.

ಸೂರಜ ಕಪಾಟಿನ ಕಡೆ ನೋಡಿದ. ಒಳಗೆ ಹಿಟ್ಟಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಅದರಲ್ಲಿ ಹಸಿರು ದೀಪ. ಇಬ್ಬರೂ ಪಾಲುದಾರರಾಗಿದ್ದ ಮಗ್ಗದ ಶೆಡ್ಡಿನ ಸೀರೆ ಡಿಜೈನುಗಳೂ ಕ್ಯಾಮೆರಾದ ವಿಡಿಯೊಗಳೂ ಇಚಲಕರಂಜಿಯ ಸೂರಜನ ಈ ಮನೆಯ ಸರ್ವರಿನಲ್ಲೇ ಇದ್ದವು.

ಮೂರು ದಿನದ ಹಿಂದೆ ಶೆಡ್ಡಿನಲ್ಲಿ ಯಲಗೂರಪ್ಪ ಸತ್ತಿದ್ದ. ಮಗ್ಗ ರಿಪೇರಿ ಮಾಡುತ್ತಿದ್ದವನು. ನೂಲು ಕದ್ದು ಮಾರುತ್ತಾನೆಂದು ಜಿನಗೊಂಡ ಅವನ ತಲೆಗೆ ನಟ್ಟು ಬಿಗಿಯುವ ಪಾನಾ ಬೀಸಿ, ಅದನ್ನು ಅಲ್ಲೇ ಎಸೆದು ಹೊರಟುಹೋಗಿದ್ದ. ಮಗ್ಗಕ್ಕೆ ಬಡಿದು ಬಿದ್ದ ಎಂದು ಪೊಲೀಸರಿಗೆ ಹೇಳಿದ್ದ. ಮಣ್ಣು ಮಾಡಿದ ದಿನ ಸೂರಜ ಎಲ್ಲರೆದುರೇ ಯಲಗೂರಪ್ಪನ ಹೆಂಡತಿ ಸಾವಕ್ಕನಿಗೆ ಮೊಬೈಲಿನಲ್ಲಿ ಆ ಏಟಿನ ನಲವತ್ತು ಸೆಕೆಂಡು ತೋರಿಸಿದ್ದ. "ಅಕ್ಕಾ, ಪೂರಾ ವಿಡಿಯೊ ಮನ್ಯಾಗ ಐತಿ," ಎಂದಿದ್ದ. ಜಿನಗೊಂಡ ಹತ್ತು ಹೆಜ್ಜೆ ಆಚೆ ನಿಂತಿದ್ದ.

ಅದನ್ನು ಒಯ್ಯಲು ಇವತ್ತು ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಬರುವವರಿದ್ದರು.

"ನಾ ಹೊಡದದ್ದು ಒಂದ ಏಟು," ಜಿನಗೊಂಡ ಸರ್ವರನ್ನು ಎಳೆದು ನೆಲಕ್ಕೆ ಹಾಕಿದ. "ಡಾಕ್ಟರ್ ಎರಡು ಗಾಯ ಅಂತ ಬರದಾನ."

"ಬೀಳುವಾಗ ಖರೇನ ಮಗ್ಗಕ್ಕ ಬಡೀತು ಅಣ್ಣಾ. ನೀ ಹೊಳ್ಳಿ ನೋಡಲಿಲ್ಲ." ಸೂರಜ ರಕ್ತ ಉಗುಳಿದ. "ಬೇಕಾದರ ಹಚ್ಚಿ ನೋಡು."

"ನೋಡೂದೇನೈತಿ? ನಾ ಅಲ್ಲೇ ಇದ್ನೆಲ್ಲ."

ಸುತ್ತಿಗೆ ಬಿತ್ತು. ಆರನೇ ಏಟಿಗೆ ಹಸಿರು ದೀಪ ಆರಿತು.

ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಹೋದ ವರ್ಷ ವೈರಸ್ ಹೊಕ್ಕು ಅರ್ಧ ಡಿಜೈನು ಹಾಳಾದಾಗ, ಇನ್ನೊಂದು ಡಿಸ್ಕು ತಂದಿಟ್ಟರೆ ಸಾಕು ಎಂದವನು ಜಿನಗೊಂಡ. ಸೂರಜ ಕೇಳಿರಲಿಲ್ಲ. ಕೊಲ್ಹಾಪುರದ ಕಂಪ್ಯೂಟರ್ ಅಂಗಡಿಯ ಪ್ರತೀಕ ಹೇಳಿದ್ದರಲ್ಲೇ ಅತಿ ಬಿಗಿಯಾದ ವ್ಯವಸ್ಥೆಯನ್ನು ಆರಿಸಿದ್ದ. ಒಮ್ಮೆ ದಾಖಲಾದದ್ದನ್ನು ತೊಂಬತ್ತು ದಿನ ಯಾರೂ ಅಳಿಸುವಂತಿಲ್ಲ, ಮಾಲೀಕನೂ ಕೂಡ. ಒಂದು ನಕಲು ದಿನಾ ತಾನಾಗಿ ಪ್ರತೀಕನ ತಿಜೋರಿಯ ಡಿಸ್ಕಿಗೆ. ಇಬ್ಬರೂ ಪಾಲುದಾರರು ಒಟ್ಟಿಗೆ ಬಂದು ಸಹಿ ಮಾಡಿದರಷ್ಟೇ ಅದು ಹೊರಬರುತ್ತದೆ. ಜಿನಗೊಂಡ ಅಂದು ಓದದೆ ಸಹಿ ಹಾಕಿದ್ದ; ತಿಜೋರಿಯ ಮಾತಷ್ಟೇ ನೆನಪಿತ್ತು.

"ಏಳು. ಕೊಲ್ಹಾಪುರಕ್ಕ ನಡಿ," ಎಂದ.

ಪ್ರತೀಕ ಸೂರಜನ ಬಾಯಿ ನೋಡಿ ಕುರ್ಚಿಯಿಂದ ಎದ್ದ. "ಏನಾತ್ರಿ ಅಣ್ಣಾ?"

"ಗಾಡಿ ಮ್ಯಾಲಿಂದ ಬಿದ್ದೆ."

"ಗಾಡಿಗೆ ಭಾಳ ಸಿಟ್ಟು ಬಂದಿತ್ತಂತ ಕಾಣತೈತಿ." ಜಿನಗೊಂಡ ಸಹಿ ಮಾಡಲು ಬಗ್ಗಿದಾಗ ಪ್ರತೀಕ ದನಿ ತಗ್ಗಿಸಿದ. "ಪೊಲೀಸರಿಗೆ ಫೋನ್ ಹಚ್ಚಲೇನ್ರಿ?"

ಸೂರಜ ಬೇಡವೆಂದು ತಲೆ ಅಲ್ಲಾಡಿಸಿ ತಾನೂ ಸಹಿ ಮಾಡಿದ. ಡಿಸ್ಕನ್ನು ಜೀಪಿನವರೆಗೆ ತಾನೇ ಹಿಡಿದುಕೊಂಡು ಬಂದ, ಅದಕ್ಕೆ ಅಂಟಿಸಿದ ಚೀಟಿ ಮೇಲ್ಗಡೆ ಕಾಣುವ ಹಾಗೆ.

ಕಾಗಲ್ ದಾಟಿದ ಮೇಲೆ ಜಿನಗೊಂಡ ರಸ್ತೆ ಬದಿಗೆ ನಿಲ್ಲಿಸಿದ. ಡಿಸ್ಕನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದವನು ಹಾಗೇ ತಡೆದ. ಚೀಟಿಯ ಮೇಲೆ ಪ್ರತೀಕನ ದುಂಡನೆಯ ಅಕ್ಷರ: ಒಟ್ಟು ಮೂರು, ಇದು ಎರಡನೆಯದು.

ಡಿಸ್ಕು ಒಡೆದು ಬಂದು ಸೂರಜನ ಬಲಗೈ ಹಿಡಿದ. "ಮೂರನೇದು?"

"ಗೊತ್ತಿಲ್ಲ."

ಕಿರುಬೆರಳು ಕಬ್ಬಿನ ಗೆಣ್ಣಿನ ಹಾಗೆ ಮುರಿಯಿತು. ಸೂರಜ ಚೀರಿದ. ಉಂಗುರದ ಬೆರಳು ಜಿನಗೊಂಡನ ಮುಷ್ಟಿಗೆ ಬಂದಾಗ ಬಾಯಿಬಿಟ್ಟ: "ಗಡಹಿಂಗ್ಲಜ. ನಮ್ಮತ್ತಿ ಮನಿ."

ಸೂರಜನ ಹೆಂಡತಿ ರುತುಜಾ ಪ್ರತಿ ಸಲ ತವರಿಗೆ ಹೋಗುವಾಗ ಹೊಸ ನಕಲು ಒಯ್ಯುತ್ತಿದ್ದಳು. ಮೊನ್ನೆಯೂ ಒಯ್ದಿಟ್ಟು ಬಂದಿದ್ದಳು. ಅವಳ ತಾಯಿ ಗೌರವ್ವ ಅದನ್ನು ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಜೋಳದ ಡಬ್ಬಿಯಲ್ಲಿ ಹುಗಿಯುತ್ತಿದ್ದಳು, ಬಂಗಾರ ಇಟ್ಟ ಹಾಗೆ.

"ಕೊಡಾಕ ಬರೂದಿಲ್ರಿ ಅಳಿಯಾರ," ಎಂದಳು ಗೌರವ್ವ, ಡಬ್ಬಿಗೆ ಬೆನ್ನು ಕೊಟ್ಟು. "ರುತುಜಾ ಬಂದ ಕೇಳಿದರಷ್ಟ ಕೊಡ್ರಿ, ನನ್ನ ಕೈಯಾಗೂ ಕೊಡಬ್ಯಾಡ್ರಿ ಅಂತ ನೀವ ಹೇಳಿದ್ರಿಲ್ರಿ? ಮತ್ತ ಈ ಹೊಲಸು ಮಾರಿ ಮನಶ್ಯಾ ಯಾರ್ರಿ?"

ಜಿನಗೊಂಡ ಅವಳನ್ನು ಎತ್ತಿ ಎಸೆದ. ಮುಂಗೈ ಒರಳಿಗೆ ಬಡಿದು ಮುರಿದ ಸದ್ದು ಕೇಳಿತು. ಸೂರಜ ಬೆರಳು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಗೌರವ್ವನ ಕೂಗಿಗೆ ಓಣಿಯ ಜನ ಹೊರಗೆ ಬಂದರು. ಒಬ್ಬ ಕಾಕಾ ಬಡಿಗೆ ಹಿಡಿದು ಬಂದ. ಜಿನಗೊಂಡನ ಕೈಯಲ್ಲಿನ ಸುತ್ತಿಗೆ ನೋಡಿ ನಿಂತ. ನೆಲದ ತುಂಬ ಜೋಳ ಚೆಲ್ಲಿತ್ತು. ಎಲ್ಲರ ಕಣ್ಣೆದುರೇ ಜಿನಗೊಂಡ ಕಟ್ಟೆಯ ಮೇಲೆ ಡಿಸ್ಕನ್ನು ಕುಟ್ಟಿದ, ಚೂರುಗಳನ್ನು ಗಟಾರಿಗೆ ಸುರಿದ.

"ಇನ್ನ ಏನ್ ತೋರಸ್ತಿ ತೋರಸು," ಎಂದು ಸೂರಜನ ಮುಖಕ್ಕೆ ಉಗುಳಿ ಜೀಪು ಹತ್ತಿದ.

ಯಾರೋ ನೀರು ತಂದುಕೊಟ್ಟರು. ಸೂರಜ ಬಾಯಿ ಮುಕ್ಕಳಿಸಿದ. ಬೆಳಿಗ್ಗೆ ಒಂಬತ್ತಕ್ಕೆ, ಜಿನಗೊಂಡನ ಜೀಪು ತನ್ನ ಮನೆಗೆ ಬರುವ ಮೊದಲೇ, ಆ ನಲವತ್ತು ಸೆಕೆಂಡನ್ನು ಅವನು ಸಾವಕ್ಕನ ಮೊಬೈಲಿಗೆ ಕಳಿಸಿದ್ದ. ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಅದನ್ನು ನೋಡುತ್ತಾರೆ. ಉಳಿದದ್ದನ್ನು ಒಡೆದವರಾರೆಂದು ಪ್ರತೀಕ ಹೇಳುತ್ತಾನೆ, ಈ ಓಣಿ ಹೇಳುತ್ತದೆ. ಜಿನಗೊಂಡ ತಪ್ಪಿಸಿಕೊಳ್ಳಲಾರ.

ಪೂರಾ ವಿಡಿಯೊ ಹನ್ನೊಂದು ನಿಮಿಷದ್ದಿತ್ತು. ನಾಲ್ಕನೇ ನಿಮಿಷಕ್ಕೆ ಯಲಗೂರಪ್ಪ ಎದ್ದು ಕೂತು ಸೂರಜನ ಹತ್ತಿರ ನೀರು ಕೇಳಿದ್ದ. ಕುಡಿದು, ನೂಲು ಕದ್ದವರು ನೀವೇ ಅಂತ ಜಿನಗೊಂಡ ಸಾವ್ಕಾರರಿಗೆ ಹೇಳುತ್ತೇನೆ ಎಂದಿದ್ದ. ಆರನೇ ನಿಮಿಷಕ್ಕೆ ಸೂರಜ ಆ ಪಾನಾ ಎತ್ತಿಕೊಂಡಿದ್ದ.

ಹೋದದ್ದು ಇಷ್ಟು: ಎರಡು ಹಲ್ಲು, ಒಂದು ಬೆರಳು, ಅತ್ತೆಯ ಮುಂಗೈ, ಮೂರು ಪ್ರತಿ, ಯಲಗೂರಪ್ಪ.